ಗಿರಣಿಯವನು ಕೇಳಿದ ಪ್ರಶ್ನೆ

"ಗುರುಗಳೇ, ಏನು ಬೇಕು ಎಂದು ಜನರನ್ನೇ ಕೇಳಿ, ಅದನ್ನೇ ಮಾಡಿದರೆ ತಪ್ಪಾಗುವುದು ಹೇಗೆ?" ಎಂದು ತಿಪ್ಪೇಶ ಕೇಳಿದ.

ಈ ಪ್ರಶ್ನೆಗೆ ಕಾರಣವಿತ್ತು. ತಿಪ್ಪೇಶ ಮತ್ತು ಅವನ ಗೆಳತಿ ಸುಗುಣಾ ಸೇರಿ ಒಂದು ಆನ್‌ಲೈನ್ ಆಟ ನಡೆಸುತ್ತಿದ್ದರು. ಬೇರೆ ಬೇರೆ ಊರಿನ ಜನ ತಮ್ಮ ಮನೆಯಲ್ಲೇ ಕೂತು, ಒಬ್ಬ ಬೇಟೆಗಾರನಾಗಿ, ಇನ್ನೊಬ್ಬ ವೈದ್ಯನಾಗಿ, ಹೀಗೆ ಒಂದೊಂದು ಪಾತ್ರ ವಹಿಸಿ ಒಟ್ಟಿಗೆ ಆಡುವ ಆಟ ಅದು. ಅದರಲ್ಲಿ ಒಬ್ಬರೇ ಕಾಡಿಗೆ ಹೋಗುವಂತಿರಲಿಲ್ಲ. ಜೊತೆಗಾರರು ಸಿಗುವ ತನಕ ಊರಬಾಗಿಲಲ್ಲಿ ಕಾಯಬೇಕಿತ್ತು. ಆಡುವವರು ಕಡಿಮೆಯಾಗುತ್ತಿದ್ದರು. ಹೀಗೇ ಮುಂದುವರಿದರೆ ಆಟವನ್ನು ಮುಚ್ಚಬೇಕಾಗುತ್ತಿತ್ತು. ಅದಕ್ಕೆ ಇಬ್ಬರೂ ಒಂದು ಸಮೀಕ್ಷೆ ಮಾಡಿದರು, ಅಂದರೆ ಆಟದಲ್ಲಿ ಏನು ಬೇಸರ ಎಂದು ಆಟಗಾರರನ್ನೇ ಕೇಳಿದರು. ಬಹಳ ಮಂದಿ ಕಾಯುವುದೇ ಬೇಸರ ಎಂದರು. ಹಾಗಾದರೆ ಇನ್ನು ಒಬ್ಬೊಬ್ಬರೇ ಆಡುವಂತೆ ಮಾಡೋಣ, ಮುಂದಿನ ಕಾಲದ ಆಟ ಅದೇ ಎಂದು ತಿಪ್ಪೇಶ ವಾದಿಸಿದ. ಸುಗುಣಾ ಒಪ್ಪಲಿಲ್ಲ. ಯಾಕೆ ಎಂದರೆ ಹೇಳಲು ಅವಳಿಗೂ ಬರಲಿಲ್ಲ. ಅವಳಿಗೆ ಏನು ಕಂಡಿರಬಹುದು ಎಂಬುದೇ ಅವನ ತಲೆ ಕೊರೆಯುತ್ತಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಅವನ ಸಂಸಾರ ನಡೆಯುತ್ತಿದ್ದದ್ದು ಆ ಗಿರಣಿಯಿಂದಲೇ. ಹೆಂಗಸರು ರಾಗಿ, ಜೋಳ, ಗೋಧಿ ತರುತ್ತಿದ್ದರು. ಡಬ್ಬಗಳನ್ನು ಸಾಲಾಗಿ ಇಟ್ಟು, ತಮ್ಮ ಸರದಿ ಬರುವವರೆಗೆ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಯಂತ್ರ ಚಿಕ್ಕದು. ತಡವಾಗುತ್ತಿತ್ತು.

ಒಂದು ದಿನ ಗಿರಣಿಯವನು ಕಟ್ಟೆಗೆ ಬಂದು, "ನನ್ನ ಗಿರಣಿಯಲ್ಲಿ ಏನು ಕೊರತೆ, ಹೇಳ್ರಮ್ಮಾ" ಎಂದ.

ಒಬ್ಬ ಹೆಂಗಸು, "ನಿನ್ನ ಗಿರಣಿಗೆ ಬಂದರೆ ಮಗಳ ಮದುವೆ ಮಾತುಕತೆ ಮುಗಿದುಹೋಗುತ್ತೆ ಕಣಣ್ಣ, ಹಿಟ್ಟು ಮಾತ್ರ ಆಗಲ್ಲ" ಎಂದಳು. ಕಟ್ಟೆಯವರೆಲ್ಲ ನಕ್ಕರು. ಹೌದು ಹೌದು ಎಂದರು.

ಗಿರಣಿಯವನು ಆ ಮಾತನ್ನು ಮನಸ್ಸಿಗೆ ಹಚ್ಚಿಕೊಂಡ. ಇದ್ದ ಹಣವನ್ನೆಲ್ಲ ಹಾಕಿ ದೊಡ್ಡ ಯಂತ್ರ ತಂದ. ಈಗ ಡಬ್ಬ ಇಟ್ಟವರು ಕೂರುವ ಮೊದಲೇ ಹಿಟ್ಟು ಸಿದ್ಧವಾಗುತ್ತಿತ್ತು. ಜನ ಹೊಗಳಿದರು, ಹಿಟ್ಟು ಹೊತ್ತು ಹೋದರು. ಕಟ್ಟೆ ಖಾಲಿಯಾಯಿತು. ಆಮೇಲೆ ನಿಧಾನವಾಗಿ ಗಿರಣಿಯೂ ಖಾಲಿಯಾಯಿತು.

ಅವನಿಗೆ ಇದು ಅರ್ಥವಾಗಲಿಲ್ಲ. ಆ ಹೆಂಗಸು ದಾರಿಯಲ್ಲಿ ಸಿಕ್ಕಾಗ ನಿಲ್ಲಿಸಿ ಕೇಳಿದ: "ಯಾಕಮ್ಮಾ, ಹಿಟ್ಟು ಬೇಗ ಆಗುತ್ತಿಲ್ಲವೇ?"

"ಆಗುತ್ತೆ ಅಣ್ಣ, ಇಲ್ಲ ಅನ್ನೋಕಾಗಲ್ಲ. ಆದರೆ ಬರೀ ಹಿಟ್ಟಿಗೋಸ್ಕರ ಅಷ್ಟು ದೂರ ಡಬ್ಬ ಹೊತ್ತುಕೊಂಡು ಯಾಕೆ ಬರಲಿ? ಹಿಟ್ಟು ಪಕ್ಕದ ಅಂಗಡೀಲೂ ಸಿಗುತ್ತೆ."

ಗುರುಗಳು ಕತೆ ನಿಲ್ಲಿಸಿದರು.

ತಿಪ್ಪೇಶನಿಗೆ ಪೂರ್ತಿ ಸಮಾಧಾನವಾಗಲಿಲ್ಲ. "ಹಾಗಾದರೆ ಕಾಯುವುದು ಬೇಸರ ಎಂದು ನಮ್ಮ ಆಟಗಾರರು ಹೇಳಿದ್ದು ಸುಳ್ಳೇ, ಗುರುಗಳೇ?" ಎಂದ.

"ನಿಜವೇ ಹೇಳಿದರು, ತಿಪ್ಪೇಶ, ಆದರೆ ಜೊತೆಗಾರರು ಸಿಕ್ಕ ಮೇಲೆ ಆ ಬೇಸರ ಏನಾಗುತ್ತದೆ ಎಂದು ನೀನು ಯಾರನ್ನಾದರೂ ಕೇಳಿದೆಯಾ?"