ಸುಣ್ಣದ ಕುಂಚ ಮತ್ತು ಒಂದನೇ ತರಗತಿಯ ಗೋಡೆ

ಸಾಹೇಬರು ಶಾಲೆ ನೋಡಲು ಬರುತ್ತಾರೆಂದು ಹೆಡ್‌ಮೇಷ್ಟ್ರು ಸುಣ್ಣ ಹೊಡೆಸಲು ಹೇಳಿದರು. ಸುಣ್ಣದ ಕುಂಚ ಒಂದನೇ ತರಗತಿಯ ಗೋಡೆಯನ್ನು ನೋಡಿ ಮುಖ ಸಿಂಡರಿಸಿತು. ಮಕ್ಕಳ ಕೈಗೆಟುಕುವಷ್ಟು ಎತ್ತರದವರೆಗೆ ಅದರ ತುಂಬ ಇದ್ದಿಲಿನ ಬರಹ.

“ಇದೇನು ಗಲೀಜು? ನಾಚಿಕೆಯಾಗುವುದಿಲ್ಲವೇ ನಿನಗೆ?” ಎಂದಿತು ಕುಂಚ.

“ಗಲೀಜಲ್ಲ. ಈ ತರಗತಿಯ ಹುಡುಗಿ ಹುಲಿಗೆಮ್ಮ ತನ್ನ ಮೇಕೆಯ ಹೆಸರು ಬರೆದಿದ್ದಾಳೆ,” ಎಂದಿತು ಗೋಡೆ.

“ಅದಕ್ಕೆ ಕರಿಹಲಗೆ ಇದೆಯಲ್ಲ! ಅಲ್ಲಿನ ಅಕ್ಷರಗಳು ಎಷ್ಟು ದುಂಡಗಿವೆ ನೋಡು.”

“ಅವು ಮೇಷ್ಟ್ರ ಅಕ್ಷರ. ಹಲಗೆ ತೂಗುಹಾಕಿರುವುದೂ ಮೇಷ್ಟ್ರ ಎತ್ತರಕ್ಕೆ. ಮಕ್ಕಳು ವರ್ಷವಿಡೀ ಅದನ್ನು ನೋಡಿ ನಕಲು ಮಾಡಿದರು. ಏನು ಬರೆದೆವೆಂದು ಒಬ್ಬರಿಗೂ ತಿಳಿಯಲಿಲ್ಲ. ನನ್ನ ಮೇಲೆ ಬರೆದದ್ದನ್ನು ಹುಲಿಗೆಮ್ಮ ತಾನೇ ಓದಿದಳು, ಪಕ್ಕದವನಿಗೂ ಓದಿಸಿದಳು.”

“ತಪ್ಪುತಪ್ಪಾಗಿ ಬರೆದಿದ್ದಾಳೆ!”

“ಬರೆಯಲಿ. ತಪ್ಪು ಅವಳದು, ನಾಳೆ ಅವಳೇ ತಿದ್ದುತ್ತಾಳೆ.”

“ನಾಳೆಗೆ ಉಳಿದರೆ ತಾನೇ!” ಎಂದು ಕುಂಚ ಸುಣ್ಣದಲ್ಲಿ ಮುಳುಗೆದ್ದು, ಗೋಡೆಯನ್ನು ಮೇಲಿಂದ ಕೆಳಗಿನವರೆಗೂ ಬಳಿದುಬಿಟ್ಟಿತು. “ಈಗೇನು ಹೇಳುತ್ತೀಯ?”

ಬಾಗಿಲಲ್ಲಿ ಹುಲಿಗೆಮ್ಮ ನಿಂತಿದ್ದಳು. ಅವಳ ಕೈಯಲ್ಲಿ ಹೊಸದೊಂದು ಇದ್ದಿಲಿನ ತುಂಡಿತ್ತು.

“ಇನ್ನೊಂದು ಸಲ ಬಳಿ,” ಎಂದಿತು ಗೋಡೆ. “ಇದ್ದಿಲು ಬಿಳಿಯ ಮೇಲೇ ಎದ್ದು ಕಾಣುವುದು.”