ನೋಡಿ ನೋಡಿ ಸತ್ತ ಬ್ಯಾಟರಿ

“ನೋಡಿ ಗುರುಗಳೇ, ಮತ್ತೆ ಬಂದಳು. ನನಗೆ ಒಂದು ಮಾತು ಮುಗಿಸಲು ಬಿಡುವುದಿಲ್ಲ ಇವಳು,” ಎಂದಳು ಶಿಷ್ಯೆ. ಅವಳ ಪುಟ್ಟ ಮಗಳು ಕಮಲಿ ಮಠದ ಅಂಗಳದಿಂದ ಓಡಿ ಬಂದು ಎದುರಿಗೆ ನಿಂತಿದ್ದಳು. ಕೈಯಲ್ಲಿ ಕುಂಟೆಬಿಲ್ಲೆ ಆಟದ ಹೆಂಚಿನ ಚೂರು ಹಾಗೇ ಇತ್ತು.

“ನೀನೇ ಕೂಗಿದೆಯಲ್ಲ ತಾಯಿ,” ಎಂದರು ಗುರುಗಳು.

“ಬಾ ಎಂದು ಕೂಗಲಿಲ್ಲ. ಇದ್ದಾಳೋ ಇಲ್ಲವೋ ಎಂದು ನೋಡಿದೆ, ಅಷ್ಟೇ. ಅಲ್ಲಿ ಬಾವಿ ಇದೆ, ರಸ್ತೆ ಇದೆ. ನಿಮಗೇನು, ಹೆತ್ತಿದ್ದೀರಾ, ಹೊತ್ತಿದ್ದೀರಾ?”

ಗುರುಗಳು ನಕ್ಕರು. ಮಗು ಅಂಗಳಕ್ಕೆ ಹೋಯಿತು. ಶಿಷ್ಯೆ ತನ್ನ ಪ್ರಶ್ನೆ ಕೇಳಿದಳು.

“ಇವಳಲ್ಲಿ ಧೈರ್ಯವೇ ನಿಲ್ಲುವುದಿಲ್ಲ. ದಿನವೂ ಹೇಳಿ ಹೇಳಿ ತುಂಬುತ್ತೇನೆ. ಶಾಲೆಯ ಬಾಗಿಲು ಕಂಡೊಡನೆ ಎಲ್ಲ ಬರಿದು, ನಡುಗುತ್ತಾಳೆ. ನಾಳೆ ನಾನಿಲ್ಲದ ದಿನ ಇವಳ ಗತಿ ಏನು? ತುಂಬಿದ್ದೆಲ್ಲ ಎಲ್ಲಿಗೆ ಹೋಗುತ್ತದೆ?”

ಗುರುಗಳು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಮಗಳಿಗೆ ಉಬ್ಬಸ. ಆಸ್ಪತ್ರೆ ದೂರ. ಉಸಿರು ಕಟ್ಟಿದ ಗಳಿಗೆಗೆ ಬೇಕೆಂದು ಅವನು ಒಂದು ಬೈಕು ಕೊಂಡ. ಕಿಕ್ ಇಲ್ಲದ ಹೊಸ ಬೈಕು, ಗುಂಡಿ ಒತ್ತಿದರೆ ಹೊರಡುವಂಥದು. ಸವೆಯಬಾರದೆಂದು ಅದನ್ನು ಕೊಟ್ಟಿಗೆಯಲ್ಲೇ ನಿಲ್ಲಿಸಿ, ಬೇರೆ ಯಾವ ಕೆಲಸಕ್ಕೂ ತೆಗೆಯಲಿಲ್ಲ. ಹೊಲಕ್ಕೂ ಸಂತೆಗೂ ನಡೆದೇ ಹೋದ.

ಆದರೆ ಭಯ ಅವನನ್ನು ಬಿಡಲಿಲ್ಲ. ಬೇಕಾದ ದಿನ ಅದು ಕೈಕೊಟ್ಟರೆ? ಬೆಳಿಗ್ಗೆ ಎದ್ದೊಡನೆ ಗುಂಡಿ ಒತ್ತುತ್ತಿದ್ದ. ಸದ್ದು ಬಂದೊಡನೆ ಆರಿಸುತ್ತಿದ್ದ. ಮಗಳು ಕೆಮ್ಮಿದರೆ ಹೋಗಿ ಮತ್ತೆ ಒತ್ತುತ್ತಿದ್ದ.

ಒಂದು ದಿನ ಬ್ಯಾಟರಿ ಸತ್ತಿತು. ಹೊಸದು ಹಾಕಿಸಿದ. ಭಯ ಹೆಚ್ಚಿತು, ಒತ್ತುವುದೂ ಹೆಚ್ಚಿತು. ಅದು ಇನ್ನೂ ಬೇಗ ಸತ್ತಿತು. ಮತ್ತೊಂದು ಹಾಕಿಸಿದ. ಯಾರದೋ ಕಣ್ಣು ತಗುಲಿದೆ ಎಂದು ಹೆಂಡತಿ ನಿಂಬೆಹಣ್ಣು ಕಟ್ಟಿದಳು.

“ಕಮಲೀ!” ಎಂದು ಶಿಷ್ಯೆ ಕೂಗಿದಳು. ಮಗು ಓಡಿ ಬಂದಿತು. ತಾಯಿ ಅದರ ಮುಖ ನೋಡಿ ಕಳುಹಿಸಿದಳು. ಗುರುಗಳು ಅಷ್ಟು ಹೊತ್ತು ಕಾದು, ಮುಂದುವರಿಸಿದರು.

ಒಂದು ಮಧ್ಯಾಹ್ನ ಮಗಳ ಉಸಿರು ಕಟ್ಟಿತು. ತುಟಿ ನೀಲಿಗಟ್ಟಿತು. ರೈತ ಗುಂಡಿ ಒತ್ತಿದ. ಕಟ್ ಎಂದಿತು, ಅಷ್ಟೇ. ಮತ್ತೆ ಒತ್ತಿದ. ದೀಪವೂ ಆರಿತು. ನೂಕಿ ನೋಡಿದ, ಹೊರಡಲಿಲ್ಲ. ಮಗಳು ಅವನ ಅಂಗಿ ಹಿಡಿದು ಎಳೆಯುತ್ತಿದ್ದಳು. ಕೂಗಲು ಅವಳಲ್ಲಿ ಗಾಳಿ ಇರಲಿಲ್ಲ.

ಆಗ ಹಾಲಿನವನು ಬಂದ. ಊರೂರು ತಿರುಗಿ ಕೆಸರು ಮೆತ್ತಿದ ಹಳೆಯ ಬೈಕು ಅವನದು. ಕ್ಯಾನುಗಳನ್ನು ಬೀದಿಯಲ್ಲೇ ಇಳಿಸಿ, ತಂದೆಯನ್ನೂ ಮಗಳನ್ನೂ ಹತ್ತಿಸಿಕೊಂಡು ಗುಂಡಿ ಒತ್ತಿದ. ಅದು ಹೊರಟಿತು.

ಮರುದಿನ ರೈತ ತನ್ನ ಬೈಕನ್ನು ಮೆಕ್ಯಾನಿಕ್ ಬಳಿಗೆ ತಳ್ಳಿಕೊಂಡು ಹೋದ. ಮೆಕ್ಯಾನಿಕ್ ಬೇರೆ ಬ್ಯಾಟರಿ ಜೋಡಿಸಿ, ಮೀಟರ್ ಹಿಡಿದು ನೋಡಿದ. ವೈರುಗಳು ಸರಿಯಾಗಿದ್ದವು. ಆರಿಸಿಟ್ಟಾಗ ಕರೆಂಟು ಎಲ್ಲೂ ಸೋರುತ್ತಿರಲಿಲ್ಲ. ರೇಸ್ ಮಾಡಿದರೆ ಚಾರ್ಜ್ ಏರುತ್ತಿತ್ತು.

“ಇದನ್ನು ಎಲ್ಲೆಲ್ಲಿ ಓಡಿಸುತ್ತೀಯಪ್ಪ?” ಎಂದು ಕೇಳಿದ.

“ಎಲ್ಲೂ ಇಲ್ಲ. ಸ್ಟಾರ್ಟ್ ಆಗುತ್ತದೋ ಇಲ್ಲವೋ ಎಂದು ನೋಡುತ್ತೇನೆ, ಅಷ್ಟೇ.”

“ನೋಡಿದಾಗಲೆಲ್ಲ ಬ್ಯಾಟರಿಯಿಂದ ಒಂದೊಂದು ಗುಟುಕು ಹೀರಿದ್ದೀಯ. ಹೋದದ್ದು ತುಂಬುವುದು ದಾರಿಯಲ್ಲಿ ಓಡಿದರೆ, ಮಾರಾಯ. ಕೊಟ್ಟಿಗೆಯಲ್ಲಿ ಅಲ್ಲ.”

ಗುರುಗಳು ಕತೆ ನಿಲ್ಲಿಸಿದರು.

“ಮಗು ಉಳಿಯಿತೇ?” ಶಿಷ್ಯೆಯ ದನಿ ಸಣ್ಣದಾಗಿತ್ತು.

“ಉಳಿಯಿತು.”

ಶಿಷ್ಯೆ ಅಂಗಳದ ಕಡೆ ತಿರುಗಿದಳು. ಕಮಲಿ ಕಾಣಲಿಲ್ಲ. ಕೂಗಲು ಬಾಯಿ ತೆರೆದಳು.

ಗುರುಗಳು ಮೆಲ್ಲಗೆ ಕೇಳಿದರು: “ಬೆಳಗಿನಿಂದ ಅವಳಿಗೆ ಒಂದು ಆಟವನ್ನಾದರೂ ಮುಗಿಸಲು ಬಿಟ್ಟೆಯಾ, ತಾಯಿ?”