ಪ್ರಿನ್ಸಿಪಾಲರ ಮೇಲ್‌ಪೆಟ್ಟಿಗೆಯ ತ್ಯಾಗ

ಕಾಲೇಜಿನವರೆಲ್ಲರ ಮೇಲ್‌ಪೆಟ್ಟಿಗೆಗಳೂ ಒಂದೇ ಸರ್ವರಿನಲ್ಲಿ ಸಂಸಾರ ಹೂಡಿದ್ದವು. ಒಂದು ದಿನ ಅಲ್ಲಿ ಏನಾಗಿರಬಹುದು, ಊಹಿಸಿ ನೋಡೋಣ! ಆಗಲಿಲ್ಲವೆ? ಸರಿ, ನಾನೇ ಹೇಳುತ್ತೇನೆ. ಜಾಗ ಮುಗಿದುಹೋಯಿತು! ಲ್ಯಾಬ್ ಸಹಾಯಕಿ ಪ್ರಫುಲ್ಲಾ ಅವರ ಪುಟ್ಟ ಪೆಟ್ಟಿಗೆ ಪ್ರಿನ್ಸಿಪಾಲರ ದೊಡ್ಡ ಪೆಟ್ಟಿಗೆಯ ಬಳಿಗೆ ಓಡಿತು.

"ನಮ್ಮ ಮೇಡಂಗೆ ಇವತ್ತು ಸಂದರ್ಶನದ ಕರೆ ಬಾರದಿದ್ದರೆ ಖಾಯಂ ಕೆಲಸ ಕೈತಪ್ಪುತ್ತದೆ. ಪ್ರಿನ್ಸಿಪಾಲರ ಪೆಟ್ಟಿಗೆಯವರೇ, ಸ್ವಲ್ಪ ಜಾಗ ಬಿಡಿ."

"ಹಬ್ಬದ ಶುಭಾಶಯಗಳನ್ನೆಲ್ಲ ಬೆಳಗ್ಗೆಯೇ ಎಸೆದೆನಲ್ಲ!" ಎಂದು ದೊಡ್ಡ ಪೆಟ್ಟಿಗೆ ಗದರಿತು.

"ಎಸೆದದ್ದು ನನ್ನ ಹೊಟ್ಟೆಗೆ, ಸ್ವಾಮಿ," ಎಂದಿತು ಅದರ ಕಸದ ಬುಟ್ಟಿ. "ನಾನೂ ಇದೇ ಮನೆಯಲ್ಲೇ ಇದ್ದೇನೆ. ನನ್ನನ್ನು ಖಾಲಿ ಮಾಡಿ."

"ಅಯ್ಯೋ, ನಾಳೆ ಬೇಕಾದರೆ?"

ಅಷ್ಟರಲ್ಲಿ ಸಂದರ್ಶನದ ಕರೆ ಬಾಗಿಲು ತಟ್ಟಿತು. "ಜಾಗವಿಲ್ಲ, ಆಮೇಲೆ ಬಾ," ಎಂದು ಸರ್ವರ್ ಅದನ್ನು ಹಿಂದಕ್ಕೆ ಕಳಿಸಿತು. ಪುಟ್ಟ ಪೆಟ್ಟಿಗೆ ಅತ್ತೇಬಿಟ್ಟಿತು. ಸರ್ವರ್ ದೊಡ್ಡ ಪೆಟ್ಟಿಗೆಯತ್ತ ತಿರುಗಿ, "ಇಲ್ಲಿರುವುದು ಒಂದೇ ಬಾಗಿಲು. ಈ ಪುಟ್ಟ ಪೆಟ್ಟಿಗೆಗೆ ಮುಚ್ಚಿದರೆ ತಮಗೂ ಮುಚ್ಚಿದಂತೆಯೇ," ಎಂದಿತು.

ದೊಡ್ಡ ಪೆಟ್ಟಿಗೆ ಬೆವತುಹೋಗಿ, ಬುಟ್ಟಿಯನ್ನು ಅಲ್ಲೇ ಖಾಲಿ ಮಾಡಿತು. ಕರೆ ಮತ್ತೆ ಬಂದು ಒಳಗೆ ಸೇರಿತು.

"ನೋಡಿದೆಯಾ ಮಗೂ, ನಿನಗೋಸ್ಕರ ನಾನು ಎಷ್ಟೆಲ್ಲ ಬಿಟ್ಟುಕೊಟ್ಟೆ!" ಎಂದಿತು ದೊಡ್ಡ ಪೆಟ್ಟಿಗೆ.

ಇಷ್ಟೂ ನಡೆದದ್ದು ಮಾರ್ಚ್ ಇಪ್ಪತ್ತು, ಶುಕ್ರವಾರ, ಯುಗಾದಿಯ ಮರುದಿನದ ವರ್ಷತೊಡಕಿನಂದು. ಆ ದಿನ ಮಾಡಿದ್ದೇ ವರ್ಷವಿಡೀ ನಡೆಯುತ್ತದಂತೆ!